ಜನಾಂಗ ಅನ್ನೋ ಕಾಲಂ

ಮಂಗಳವಾರ, ಹನ್ನೊಂದನೇ ತಾರೀಖು

ಅಮ್ಮಾ,

ನಿನ್ನ ಮಂಡಿನೋವಿನ ವಿಚಾರ ಆಮೇಲೆ ಕೇಳ್ತೀನಿ, ಕೋಪ ಮಾಡ್ಕೋಬೇಡ. ಫೋನ್ ಮಾಡಿದ್ರೆ ನಿನ್ನ ದನಿ ಕೇಳಿದ ತಕ್ಷಣ ಅತ್ತುಬಿಡ್ತೀನಿ, ಹೇಳಬೇಕಾದ್ದು ಗಂಟಲಲ್ಲೇ ಉಳಿದುಬಿಡುತ್ತೆ. ಅದಕ್ಕೇ ಮೊಬೈಲ್ ಮುಂದೆ ಮಾತಾಡ್ತಾ ಹೋಗ್ತೀನಿ, ಅದು ಬರ್ಕೊಳ್ಳುತ್ತೆ. ರೂಮಿನವಳು ಮಲಗಿದ್ದಾಳೆ, ನಾನು ಮೆಟ್ಟಿಲ ಮೇಲೆ ಕೂತಿದ್ದೀನಿ.

ನನ್ನ ಕೆಲಸ ಹೋಯ್ತಮ್ಮ. ಹೋಗಿ ಒಂಬತ್ತು ದಿನ ಆಯ್ತು. ಮೊನ್ನೆ ಭಾನುವಾರ "ಲಾಂಡ್ರೀಲಿ ಉಸಿರಾಡೋಕೂ ಪುರುಸೊತ್ತಿಲ್ಲ" ಅಂದೆನಲ್ಲ, ಸುಳ್ಳು.

ಆಸ್ಪತ್ರೆ ಬೆಡ್‌ಶೀಟ್ ಇಸ್ತ್ರಿ ರೋಲರಿಂದ ಬಿಸಿಬಿಸಿ ಹೊರಗೆ ಬರುತ್ತೆ. ಇಬ್ಬರು ಎದುರುಬದುರು ನಿಂತು ಹಿಡೀಬೇಕು. ಎಳಿ, ಮಡಿಸು, ಹತ್ತಿರ ಬಾ, ಮೂಲೆಗೆ ಮೂಲೆ ಕೊಡು. ನನ್ನ ಜೋಡಿ ದೊಡ್ಡಕ್ಕ, ಎಲ್ಲರೂ ಹಾಗೇ ಕರೆಯೋದು. ನಮ್ಮೋರೇ, ನಮ್ಮ ಹಾಗೇ ತಲೆಗೆ ಬಿಳಿ ಬಟ್ಟೆ ಕಟ್ತಾರೆ. "ನಿನ್ನ ಮೂಲೆ ಯಾವಾಗ್ಲೂ ಓಡಿಹೋಗುತ್ತೆ ಕಣೇ, ಕಟ್ಟಿಹಾಕು" ಅಂತ ದಿನಾ ರೇಗಿಸೋರು. ಹೊಸ ಸೂಪರ್‌ವೈಸರ್ ಬಂದ. ತಲೆಬಟ್ಟೆ ಬಿಚ್ಚಿ ಕಂಪನಿ ಟೋಪಿ ಹಾಕಿ ಅಂದ. "ಬಟ್ಟೆ ಮೇಲೇ ಟೋಪಿ ಹಾಕ್ಕೊಳ್ತೀವಿ ಸಾರ್, ಒಂದು ಕೂದಲೂ ಆಚೆ ಬರಲ್ಲ" ಅಂದ್ವಿ. ಮಾರನೇ ದಿನ ಗೇಟಿನಲ್ಲಿ ಇಬ್ಬರ ಕಾರ್ಡೂ ಕೆಲಸ ಮಾಡಲಿಲ್ಲ, ಕೆಂಪು ಲೈಟ್ ಬಂತು. ದೊಡ್ಡಕ್ಕ ತಮ್ಮ ಕಾರ್ಡನ್ನ ಸೆರಗಿಗೆ ಉಜ್ಜಿ ಉಜ್ಜಿ ಮತ್ತೆ ಇಟ್ಟು ನೋಡಿದ್ರು. ನೋಡೋಕಾಗಲಿಲ್ಲಮ್ಮ.

ಕೆಲಸದ ವೀಸಾ ಮೇಲೆ ಬಂದ ನನ್ನಂಥೋರು ಕೆಲಸ ಇಲ್ಲದೆ ಈ ದೇಶದಲ್ಲಿರೋಕೆ ಅರವತ್ತು ದಿನ ಅಷ್ಟೇ. ಕೇಸು ನಡೀತಿದ್ರೆ ಮುಗಿಯೋ ತನಕ ಇರಬಹುದು. ದೊಡ್ಡಕ್ಕನೇ ನನ್ನನ್ನ ವಕೀಲೆ ಹತ್ರ ಎಳ್ಕೊಂಡು ಹೋದ್ರು. ಒಳ್ಳೇ ಹೆಂಗಸು, ಫೀಸ್ ತಗೊಳ್ಳಲ್ಲ. ಆದ್ರೆ ಮೊದಲನೇ ಪ್ರಶ್ನೇಲೇ ನಾನು ಸಿಕ್ಕಿಕೊಂಡೆ.

ಇಲ್ಲಿನ ಕಾನೂನಲ್ಲಿ ಜನಾಂಗ ನೋಡಿ ಭೇದ ಮಾಡಿದ್ರೆ ತಪ್ಪಂತೆ. ಧರ್ಮ ನೋಡಿ ಮಾಡಿದ್ರೆ? ಆ ಪದಾನೇ ಈ ಕಾನೂನಲ್ಲಿ ಇಲ್ವಂತೆ. ನಮ್ಮೋರಿಗೆ ತಲತಲಾಂತರದ ಚರಿತ್ರೆ ಇದೆ, ಭಾಷೆ ಇದೆ, ತಲೆಮಾರಿಂದ ತಲೆಮಾರಿಗೆ ಬಂದೋರು, ಅದಕ್ಕೆ ನಮ್ಮನ್ನ ಜನಾಂಗ ಅಂತ ಹಿಂದೆ ಒಂದು ಕೋರ್ಟು ಒಪ್ಪಿದೆಯಂತೆ. "ಇಬ್ಬರೂ ಹುಟ್ಟಿನಿಂದ ಆ ಜನಾಂಗದೋರು ತಾನೇ?" ಅಂತ ವಕೀಲೆ ಕೇಳಿದ್ರು. ದೊಡ್ಡಕ್ಕ "ನಮ್ಮಜ್ಜಿಯ ಅಜ್ಜಿಯ ಕಾಲದಿಂದ!" ಅಂದ್ರು. ನಾನು ಅವರ ಹಿಂದೆಯೇ ತಲೆ ಆಡಿಸಿಬಿಟ್ಟೆ.

ಅಮ್ಮಾ, ಅಪ್ಪ ಹೋದಮೇಲೆ ಬಾಡಿಗೆ ಮನೆಯೋರು ನಮ್ಮನ್ನ ಆಚೆ ಹಾಕಿದ್ದು, ದೊಡ್ಡಕ್ಕನ ಜನ ತಮ್ಮ ಪ್ರಾರ್ಥನಾ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದು, ಎರಡು ವರ್ಷ ಆದ್ಮೇಲೆ ನೀನು ಯೋಚನೆ ಮಾಡಿ ಮಾಡಿ ಅವರ ದೇವರನ್ನ ಒಪ್ಕೊಂಡಿದ್ದು ಎಲ್ಲಾ ನನಗೆ ನೆನಪಿದೆ. ಆಗ ನನಗೆ ಏಳು. ತಲೆಬಟ್ಟೆ ಕಟ್ಟೋದು ನೀನು ನನಗೆ ಕಲಿಸಲಿಲ್ಲ, ಇಬ್ಬರೂ ಒಂದೇ ಕನ್ನಡಿ ಮುಂದೆ ನಿಂತು ಒಟ್ಟಿಗೇ ಕಲಿತ್ವಿ. ಹದಿನೇಳು ವರ್ಷ ಆಯ್ತು. ನನಗೂ ದೊಡ್ಡಕ್ಕನಿಗೂ ಬಟ್ಟೆ ಒಂದೇ, ಬೈಗುಳ ಒಂದೇ, ಹೊರದಬ್ಬಿದ್ದೂ ಒಂದೇ ಗೇಟಿಂದ. ಅವರಿಗೆ ಕಾನೂನು ಇದೆ, ನನಗಿಲ್ಲ. ನಾನು ನಂಬಿ ಬಂದವಳು, ಅವರು ಹುಟ್ಟಿ ಬಂದವರು.

ನಾಳೆ ಹತ್ತಕ್ಕೆ ವಕೀಲೆ ನಿನಗೆ ಫೋನ್ ಮಾಡ್ತಾರೆ, ನಮ್ಮ ಭಾಷೆ ಬರೋ ಒಬ್ಬರನ್ನ ಕೂರಿಸ್ಕೊಂಡು. ಒಂದೇ ಮಾತು ಹೇಳು. ನಾವು ಹುಟ್ಟಿನಿಂದಲೇ ಈ ಜನಾಂಗದೋರು ಅಂತ. ಯಾರಿಗೇನು ನಷ್ಟ?

ಇಷ್ಟು ಹೇಳಿ ನಿಲ್ಲಿಸಬೇಕು ಅಂತಿದ್ದೆ. ಈಗಷ್ಟೇ ದೊಡ್ಡಕ್ಕನ ಮೆಸೇಜ್ ಬಂತು. ಕೋರ್ಟಿಗೆ ಕೊಡೋ ತಮ್ಮ ಪ್ರಮಾಣಪತ್ರದಲ್ಲಿ ನನ್ನ ಬಗ್ಗೆನೂ ಬರೆಸಿದ್ದಾರಂತೆ: "ಈ ಹುಡುಗಿ ಹುಟ್ಟಿನಿಂದ ನಮ್ಮವಳು, ನಾನು ಬಲ್ಲೆ." ಕೆಳಗೆ, "ಹೆದರಬೇಡ ಕಣೇ, ನಾನಿದ್ದೀನಲ್ಲ" ಅಂತ. ನಾನು ಸಿಕ್ಕಿಬಿದ್ದ ದಿನ ಅವರೂ ಸುಳ್ಳುಗಾರ್ತಿ ಆಗ್ತಾರೆ. ಗಟ್ಟಿ ಕೇಸು ಅವರದ್ದು, ಅದನ್ನೂ ಮುಳುಗಿಸ್ತೀನಿ.

ಇನ್ನೊಂದು. "ಸೂಪರ್‌ವೈಸರ್ ನಿಮ್ಮ ಹುಟ್ಟಿನ ಬಗ್ಗೆ ಏನಾದ್ರೂ ಅಂದನಾ? ಅವನು ನಿನ್ನನ್ನ ಯಾರು ಅಂದ್ಕೊಂಡು ತೆಗೆದ ಅನ್ನೋದೂ ಲೆಕ್ಕಕ್ಕೆ ಬರಬಹುದು" ಅಂತ ವಕೀಲೆ ನನ್ನನ್ನ ಕೇಳಿದ್ರು. ಅಂದಿದ್ದ. ದೊಡ್ಡಕ್ಕ ಕಿವಿಗೆ ಹತ್ತಿ ಇಟ್ಕೊಂಡು ರೋಲರ್ ಆ ಕಡೆ ಇದ್ರು, ನನಗೊಬ್ಬಳಿಗೇ ಕೇಳಿಸಿದ್ದು. "ನಿಮ್ಮ ಜನದ ರಕ್ತದಲ್ಲೇ ಇದೆ ಈ ಮೊಂಡುತನ. ದೇವರು ಗೀವರು ನನಗೆ ಬೇಕಿಲ್ಲ, ನಿಮ್ಮ ಕುಲಾನೇ ನನಗೆ ಬೇಡ" ಅಂದ. ನಮ್ಮಿಬ್ಬರ ಕೇಸಿಗೂ ಬೇಕಾಗಿದ್ದ ಮಾತು ಅದೇ ಇರಬೇಕು. ಆದ್ರೆ ಹುಟ್ಟು ಅಂದ ತಕ್ಷಣ ನನಗೆ ನನ್ನ ಹುಟ್ಟೇ ಕಣ್ಣ ಮುಂದೆ ಬಂತು. "ಇಲ್ಲ ಮೇಡಂ, ಏನೂ ಅನ್ನಲಿಲ್ಲ" ಅಂದುಬಿಟ್ಟೆ. ಎಂಥ ದಡ್ಡಿ ನೋಡು. ಸುಳ್ಳನ್ನ ಕಾಯೋಕೆ ಹೋಗಿ ನಿಜಾನೂ ನುಂಗಿಬಿಟ್ಟೆ. ಈಗ ಬಾಯಿ ಬಿಟ್ರೆ ವಕೀಲೆ ನಂಬ್ತಾರಾ? ನಂಬಿದ್ರೂ ಕಂಪನಿ ಕಡೆಯೋರು ಎಲ್ಲರೆದುರು "ಹಾಗಾದ್ರೆ ನೀನ್ಯಾರು?" ಅಂತ ಕೇಳಲ್ವಾ? ಆಗ ದೊಡ್ಡಕ್ಕನ ಮುಖ ಹೇಗೆ ನೋಡ್ಲಿ?

ನಿನ್ನ ಮಂಡಿಗೆ ಎಣ್ಣೆ ಹಚ್ಕೋ. ಓದಿದ ತಕ್ಷಣ ಏನಾದ್ರೂ ಬರಿ, ಬೈದಾದ್ರೂ ಬರಿ.

ಇಂತಿ, ನಿನ್ನನ್ನ ಬಿಟ್ರೆ ಕೇಳೋಕೆ ಬೇರೆ ಯಾರೂ ಇಲ್ಲದ,
ನಿನ್ನ ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಿನ್ನ ಒಪ್ಪಿಗೆ ಕೇಳ್ತಿದ್ದೀನಿ ಅಂದ್ಕೊಂಡೆಯಾ? ವಕೀಲೆ ಕೊಟ್ಟ ಕಾಗದಗಳಲ್ಲಿ "ತಾಯಿಯ ಹೇಳಿಕೆ" ಅಂತ ಒಂದು ಹಾಳೆ ಇತ್ತು. ಜನಾಂಗ ಅನ್ನೋ ಕಾಲಂ ತುಂಬಿ, ನಿನ್ನ ಹಾಗೇ ಕೊನೆ ಅಕ್ಷರಕ್ಕೆ ಬಾಲ ಎಳೆದು, ಶುಕ್ರವಾರವೇ ನಿನ್ನ ಸಹಿ ನಾನೇ ಹಾಕಿಬಿಟ್ಟೆ. ಶಾಲೆ ಮಾರ್ಕ್ಸ್ ಕಾರ್ಡಲ್ಲಿ ಪಳಗಿದ ಕೈ, ಅದೂ ನಿನಗೆ ಗೊತ್ತಿಲ್ಲ. ನಾಳೆ ಒಂಬತ್ತಕ್ಕೇ ವಕೀಲೆ ಬಾಗಿಲಲ್ಲಿ ನಿಂತಿರ್ತೀನಿ, ದೊಡ್ಡಕ್ಕನನ್ನೂ ಬರೋಕೆ ಹೇಳಿದ್ದೀನಿ, ಯಾಕೆ ಅಂತ ಹೇಳಿಲ್ಲ. ಅಲ್ಲಿ ನಿಂತ ಮೇಲೆ ನಿಜ ಹೇಳೋಕೆ ನನಗೆ ಬಾಯಿ ಬರುತ್ತೋ ಇಲ್ವೋ, ದೇವರಾಣೆ ನನಗೇ ಗೊತ್ತಿಲ್ಲ. ಹತ್ತಕ್ಕೆ ನಿನ್ನ ಫೋನ್ ರಿಂಗ್ ಆಗಿ, "ಈ ಸಹಿ ನಿಮ್ಮದಾ?" ಅಂತ ಕೇಳಿದ್ರೆ, ಅಮ್ಮ, ಮೇಲೆ ನಾನು ಕೇಳಿದ್ದು ಮರೆತುಬಿಡು, ಅಲ್ಲ ಅನ್ನು.