ಬಿಲ್ಲೆ ಹೊಡೆಯುವವನಿಗೆ ಮಕ್ಕಳ ಕಿವಿ ಒಪ್ಪಿಸಿದ ಸಾಹೇಬರಿಗೆ

ಮಾನ್ಯ ಆರೋಗ್ಯ ಸಾಹೇಬರೇ,

ಕುರಿಯ ಕಿವಿಗೆ ವಿಮೆಯ ಬಿಲ್ಲೆ ಹೊಡೆಯುವವನನ್ನು ಕುರ್ಚಿಯ ಮೇಲೆ ಕೂರಿಸಿ, ಅವನ ಕೈಗೆ ಯಂತ್ರ ಕೊಟ್ಟು, ನನ್ನ ಮಗಳ ಕಿವಿ ಚುಚ್ಚಿಸಿದವರು ತಾವು. ಆ ಕಿವಿ ಈಗ ಒಣಗಿದ ಎಲೆಯ ಹಾಗೆ ಮುದುಡಿದೆ. ತಾವು ಅದೇ ಯಂತ್ರ ಹೊತ್ತುಕೊಂಡು ಬರುವ ತಿಂಗಳು ಉದಗಾಂವದ ಕಡೆ ಮತ್ತೆ ಶಿಬಿರ ಮಾಡುತ್ತೀರಿ ಎಂದು ಗೋಡೆಗೆ ಹಚ್ಚಿದ ಕಾಗದ ಹೇಳುತ್ತಿದೆ. ತಮ್ಮ ಕಚೇರಿಗೆ ಕೊಟ್ಟ ಅರ್ಜಿ ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತಿದೆಯೋ ತಿಳಿಯದು. ಅದಕ್ಕೇ ನಾಲ್ಕು ಮಂದಿ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮ್ಮ ಮರಾಠಿ ನನಗೆ ಆಡಲು ಬರುತ್ತದೆ, ಬರೆಯಲು ಬಾರದು. ಕನ್ನಡವೂ ನಾಲ್ಕನೆಯ ಇಯತ್ತೆಯ ಅರ್ಧದವರೆಗೆ ಮಾತ್ರ. ಆಮೇಲೆ ಅಪ್ಪ ಕುರಿ ಹೊಡೆದುಕೊಂಡು ಹೊರಟ, ಶಾಲೆ ನಮ್ಮ ಹಿಂದೆ ಬರಲಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ. ಕಿವಿ ತಿದ್ದುವುದಕ್ಕಿಂತ ಅದು ಸುಲಭ.

ನಾನು ಹೆದರುವ ಹೆಂಗಸು ಸಾಹೇಬರೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಹೊಲದ ಬದುವಿನಿಂದ ತಿರುಗಿ ಮನೆಗೆ ಬರುವವಳು. ಗಡಹಿಂಗ್ಲಜಕ್ಕೆ ಹೋಗುವ ಬಸ್ಸು ಹತ್ತಿದರೆ, ಇದು ಗಡಹಿಂಗ್ಲಜಕ್ಕೇ ಹೋಗುತ್ತದೆಯೇ ಎಂದು ಕಂಡಕ್ಟರನನ್ನೂ ಕೇಳಿ, ಪಕ್ಕದವರನ್ನೂ ಕೇಳುವವಳು. ಇಂಥವಳು ಮಗಳ ಕಿವಿಯ ವಿಷಯದಲ್ಲಿ ಹೇಗೆ ಮೋಸಹೋದಳು ಎಂದು ಓದುವವರು ಕೇಳಬಹುದು. ಹೇಳುತ್ತೇನೆ.

ನಮ್ಮ ಸಂತೆಯಲ್ಲಿ ಕಿವಿ ಚುಚ್ಚಲು ಚಿನ್ನದ ಕೆಲಸದ ಒಬ್ಬ ಪತ್ತಾರ ಕೂರುತ್ತಿದ್ದ. ಅವನೇನು ದೇವರಲ್ಲ. ಬಾಯಲ್ಲಿ ಸದಾ ತಂಬಾಕು. ಒಂದು ಕೂಸಿನ ಕಿವಿಗಳನ್ನು ಒಂದು ಮೇಲೆ, ಒಂದು ಕೆಳಗೆ ಚುಚ್ಚಿ ಬೈಸಿಕೊಂಡದ್ದೂ ಉಂಟು. ಆದರೆ ಆ ಮಾತು ನಮಗೆ ಗೊತ್ತಿತ್ತಲ್ಲ! ಯಾರ ಕಿವಿ ಬಾತಿತು, ಯಾರದು ಚೆನ್ನಾಗಿ ಮಾಯಿತು ಎಂದು ಕೇಳಲು ಓಣಿ ತುಂಬ ಮನೆಗಳಿದ್ದವು, ಮಕ್ಕಳ ಕಿವಿಗಳು ಕಣ್ಣೆದುರಿಗೇ ಇದ್ದವು. ಕೇಳಿ, ನೋಡಿ, ಒಳ್ಳೆಯ ದಿನ ಹುಡುಕಿ ಹೋಗುತ್ತಿದ್ದೆವು. ತಾವು ಅವನನ್ನು ಹೊಲಸು ಕೈಯವನೆಂದು ಸಂತೆಯಿಂದ ಎಬ್ಬಿಸಿ ಕಳಿಸಿದಿರಿ. ಒಳ್ಳೆಯದು. ಆದರೆ ತಮ್ಮ ಯಂತ್ರದ ಕೈ ಹೇಗಿದೆಯೆಂದು ನಾವು ಯಾರನ್ನು ಕೇಳಬೇಕಿತ್ತು? ತಮ್ಮ ಜೀಪನ್ನೇ?

ಜೀಪು ಹೇಳುತ್ತಲೇ ಇತ್ತು. ಹೋದ ವರ್ಷ ಶ್ರಾವಣದಲ್ಲಿ, ನೊಣ ಮುತ್ತುವ ದಿನಗಳಲ್ಲಿ, ಅದರ ನೆತ್ತಿಯ ಮೇಲಿನ ಭೋಂಗಾ ಊರೂರು ಕೂಗಿತು: “ದುಖಣಾರ ನಾಹೀ, ಸುಜಣಾರ ನಾಹೀ!” ನೋಯುವುದಿಲ್ಲವಂತೆ, ಬಾಯುವುದಿಲ್ಲವಂತೆ. ಮಕ್ಕಳಿಗೆ ಲಸಿಕೆ ಹಾಕಿಸಲು ತಾಯಂದಿರು ಬರುವುದಿಲ್ಲವೆಂದು, ಪುಕ್ಕಟೆ ಕಿವಿ ಚುಚ್ಚುವುದನ್ನು ಬೆಲ್ಲದ ತುಣುಕಿನಂತೆ ಮುಂದೆ ಹಿಡಿದಿರಿ. ನಾವು ಇರುವೆಗಳ ಹಾಗೆ ಬಂದೆವು.

ನನ್ನ ಮಗಳು ಯಮುನವ್ವನ ಕಿವಿಹಾಲೆಗಳನ್ನು ಅವಳು ಕೂಸಿದ್ದಾಗಲೇ ಆ ಪತ್ತಾರ ಚುಚ್ಚಿದ್ದ. ಈಗ ಬೇಕಾದದ್ದು ಮೇಲಂಚಿಗೆ, ಬುಗುಡಿಗೆ. ಅತ್ತೆ ಮಾಯವ್ವ ತಮ್ಮ ಬುಗುಡಿಗಳನ್ನು ಮೊಮ್ಮಗಳಿಗೆಂದು ತೆಗೆದಿಟ್ಟಿದ್ದರು. ಶಿಬಿರದ ಮಂಟಪದೊಳಗೆ ಹೋದರೆ ಯಂತ್ರ ಹಿಡಿದು ಕೂತವನು ಗುರುತಿನವನು! ಬ್ಯಾಂಕಿನ ಕರ್ಜಿನಲ್ಲಿ ಕೊಂಡ ನಮ್ಮ ಕುರಿಗಳಿಗೆ ಬಿಲ್ಲೆ ಹೊಡೆದವನು ಅವನೇ. ನನಗೆ ಆದರೂ ಭಯ.

“ಕರೆಂಟ್ ಹೊಡಿಯಂಗಿಲ್ಲೇನ್ರಿ ಇದು?” ಎಂದೆ.

“ಇದಕ್ಕ ಕರೆಂಟ್ ಎಲ್ಲೈತಿ ಅಕ್ಕಾ? ಸ್ಪ್ರಿಂಗ್ ಐತಿ.”

“ಸ್ಪ್ರಿಂಗ್ ಹಾರಿ ಹುಡುಗಿ ಕಣ್ಣಿಗೆ ಬಡದ್ರ?”

ಹಿಂದಿನ ಸಾಲಿನ ಹೆಂಗಸರು ನಕ್ಕರು. ಅತ್ತೆ ನನ್ನ ಸೆರಗು ಜಗ್ಗಿದರು. “ಏ ತಾರವ್ವ, ಸುಮ್ನಿರ ಇನ್ನ. ಇಂವ ನಮ್ಮ ಬಿಲ್ಲೆಯಂವ ಅಲ್ಲೇನ? ಕರಿ ಕುರಿ ಕಿವಿಯಾಗ ಹುಳಾ ಬಿದ್ದಾಗ ಇವನ ಮಲಾಮ ಹಚ್ಚಿ ಉಳಸ್ಯಾನ. ಕೈಗುಣ ಭಾಳ ಚಲೋ ಐತಿ.”

ನನ್ನ ಭಯ ಇಳಿಯಿತು ಸಾಹೇಬರೇ. ಕುರಿಯ ಕಿವಿ ಉಳಿಸಿದ ಕೈ ಎಂಬುದೊಂದೇ ನಮಗೆ ಸಾಕಾಯಿತು. ಕುರಿಯವರ ಮನೆಯಲ್ಲಿ ಹಾಗೇ. ಕುರಿಗೆ ಒಳ್ಳೆಯದಾದದ್ದು ನಮಗೂ ಒಳ್ಳೆಯದೆಂದು ನಂಬಿ ಬಾಳಿದವರು ನಾವು. ಆದರೆ ತಾವು ಕುರಿಯವರಲ್ಲವಲ್ಲ? ಓದಿದವರು. ಅವನು ಯಮುನಾಳ ಕಿವಿಯ ಮೇಲಂಚು ಹಿಡಿದು, ಫೋಟೋ ತೆಗೆಸಿಕೊಳ್ಳುತ್ತ ನಿಂತಿದ್ದ ತಮ್ಮನ್ನು ಕೇಳಿದ: “ಸಾಹೇಬ, ವರ ಮಾರೂ ಕಾ?” ಮೇಲೆ ಹೊಡೆಯಲೇ ಎಂದು ಕೇಳುವಷ್ಟು ಅನುಮಾನ ಅವನಿಗಿತ್ತು. ತಮಗಿರಲಿಲ್ಲ. ತಾವು ಇತ್ತ ತಿರುಗದೆಯೇ ಅಂದಿರಿ: “ಮಾರ, ಮಾರ. ಕಾನ ಮ್ಹಣಜೆ ಕಾನ.”

ಕಿವಿ ಅಂದರೆ ಕಿವಿ! ಎಷ್ಟು ದೊಡ್ಡ ವಿದ್ಯೆ!

ನಮಗಿಂತ ಮೊದಲು ಕೂತಿದ್ದ ಹುಡುಗಿಯ ರಕ್ತ ಒರೆಸಿದ ಅರಳೆಯಿಂದಲೇ ಯಂತ್ರ ಒರೆಸಿ ಅವನು ಒತ್ತಿದ. ಯಮುನಾ ಚೀರಿಕೊಂಡು ಎದ್ದು ಓಡಿದಳು. ಎಡಗಿವಿ ಉಳಿದದ್ದು ಆ ಚೀರಾಟದಿಂದ, ತಮ್ಮ ದಯೆಯಿಂದಲ್ಲ.

ಕೆಲವೇ ದಿನಗಳಲ್ಲಿ ಬಲಗಿವಿ ಕೆಂಪಗಾಗಿ ಬದನೆಕಾಯಿಯ ಹಾಗೆ ಬಾತಿತು. ಮುಟ್ಟಿದರೆ ಒಲೆ ಮುಟ್ಟಿದ ಹಾಗೆ. ತಮ್ಮ ಕಚೇರಿಗೆ ಕರೆತಂದರೆ ಬಿಸಿನೀರಿನ ಶಾಖ ಕೊಡಿ ಎಂದು ಹೊರಗಿನಿಂದಲೇ ಕಳಿಸಿದರು. ಕೊಟ್ಟೆ. ಕೀವು ಕಟ್ಟಿತು. ಕೊನೆಗೆ ಕೊಲ್ಹಾಪುರದ ದೊಡ್ಡ ಆಸ್ಪತ್ರೆಯಲ್ಲಿ ಒಳಗೆ ಕೊಳೆತದ್ದನ್ನು ಕೊಯ್ದು ತೆಗೆದರು. ಅಲ್ಲಿನ ಡಾಕ್ಟರೀಣಬಾಯಿ ನನ್ನ ಮೇಲೆಯೇ ಸಿಟ್ಟಾದರು. ಆ ಯಂತ್ರ ಮೆತ್ತನೆಯ ಹಾಲೆಗೆ ಮಾತ್ರವಂತೆ. ಮೇಲಂಚಿನಲ್ಲಿರುವ ಮೃದು ಎಲುಬಿಗೆ ಹೊಡೆದರೆ ಅದು ಜಜ್ಜಿಹೋಗಿ, ಹೊಲಸು ಸೇರಿದರೆ ಒಳಗೇ ಕರಗಿಹೋಗುತ್ತದಂತೆ. “ಯಾರ ಕಡೆ ಚುಚ್ಚಿಸೀರಿ, ಅವರು ಏನು ಕಲತಾರ, ಮೊದ್ಲು ವಿಚಾರ ಮಾಡಬಾರ್ದೇನು?” ಎಂದು ಕೇಳಿದರು. ಸರಕಾರದ ಮಂಟಪದಲ್ಲಿ ಸರಕಾರದ ಸಾಹೇಬರೇ ಕೂರಿಸಿದವನನ್ನು ನೀನೇನು ಕಲಿತೆ ಎಂದು ಕೇಳುವ ಧೈರ್ಯ ನಮಗೆಲ್ಲಿಂದ ಬರಬೇಕು ಎಂದು ನನ್ನ ಬಾಯಿಗೆ ಬಂತು, ನುಂಗಿಕೊಂಡೆ. ಈಗ ಅದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಬಿಲ್ಲೆಯವನನ್ನು ಸಂತೆಯಲ್ಲಿ ಹಿಡಿದು ಕೇಳಿದೆ. ಅವನು ತಲೆ ಎತ್ತಲಿಲ್ಲ. “ಸಾಹೇಬ್ರು ಕುಂಡ್ರಸಿದ್ರು, ಕುಂತ್ನಿ ಅಕ್ಕಾ. ಕುರಿ ಆಗಿದ್ರ ನಾ ಜಿಮ್ಮೇದಾರಿ ತಗೋತಿದ್ನಿ,” ಅಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ಕರಿ ಕುರಿಯ ಕಿವಿ ಕೊಳೆತಾಗ, ಅದು ಬ್ಯಾಂಕಿನ ಕುರಿ, ವಿಮೆಯ ಕುರಿ ಎಂದು ಮಾರನೆಯ ದಿನವೇ ಸೈಕಲ್ ಹತ್ತಿ ಮಲಾಮು ತಂದಿದ್ದ. ನನ್ನ ಮಗಳ ಕಿವಿ ಕೊಳೆತಾಗ ತಮ್ಮ ಜೀಪಿಗೆ ನಮ್ಮ ಊರಿನ ದಾರಿಯೇ ಮರೆತುಹೋಗಿತ್ತು. ಯಮುನಾಳಿಗೂ ಒಂದು ಬಿಲ್ಲೆ ಹೊಡೆಸಿ ಇಟ್ಟುಕೊಳ್ಳಬೇಕಿತ್ತೇನು, ಯಾರಾದರೂ ಬಂದು ನೋಡಲು?

ತಮ್ಮನ್ನು ಮುಖಾಮುಖಿ ಕಂಡದ್ದು ಆಮೇಲೆ. ಮಗಳನ್ನು ಮೇಜಿನ ಮುಂದೆ ನಿಲ್ಲಿಸಿದೆ. ತಾವು ಒಮ್ಮೆ ನೋಡಿದಿರಿ. “ಕೇಸ ಮೋಕಳೇ ಸೋಡಾ, ದಿಸಣಾರ ನಾಹೀ,” ಅಂದಿರಿ. ಕೂದಲು ಇಳಿಬಿಡಿರಿ, ಕಾಣುವುದಿಲ್ಲ.

ನನ್ನ ಮಗಳು ಅಂದಿನಿಂದ ಹಾಗೆಯೇ ಮಾಡಿದಳು. ಹೆರಳು ಹಾಕಗೊಡಲಿಲ್ಲ. ಗಾಳಿ ಬೀಸಿದರೆ ಕೈ ಕಿವಿಗೆ ಹೋಗುತ್ತದೆ. ಇಳಿಬಿಟ್ಟ ಕೂದಲು ಶಾಲೆಯಲ್ಲಿ ನಡೆಯುವುದಿಲ್ಲವೆಂದು ಶಾಲೆಯನ್ನೇ ಬಿಟ್ಟಳು. ನನ್ನದನ್ನು ಕುರಿ ಬಿಡಿಸಿದವು, ಅವಳದನ್ನು ತಾವು ಬಿಡಿಸಿದಿರಿ. ಅತ್ತೆ ಬುಗುಡಿಗಳನ್ನು ಎಲ್ಲಿಟ್ಟರೋ, ಆ ಮಾತನ್ನೇ ಎತ್ತುವುದಿಲ್ಲ.

ಉದಗಾಂವದಲ್ಲಿ ನನ್ನ ನಾದಿನಿ ಹಿರಾಬಾಯಿ ಇದ್ದಾಳೆ. ಅವಳಿಗೂ ಒಬ್ಬ ಮಗಳು. ಶಿಬಿರಕ್ಕೆ ಕರೆದೊಯ್ಯಬೇಡ ಎಂದು ಹೇಳಲು ಹೋದರೆ, “ವೈನೀ, ನೀ ಹಗ್ಗ ಕಂಡ್ರೂ ಹಾವಂತ ಚೀರಾಕಿ. ಒಂದೀಟು ಬಾತಿದ್ದೀತು. ಪುಕ್ಕಟ ಐತಿ, ಸರಕಾರದ್ದೈತಿ,” ಎಂದು ನಕ್ಕಳು. ಯಮುನಾಳ ಕಿವಿಯನ್ನು ಅವಳು ನೋಡಿಯೇ ಇಲ್ಲ. ಹೇಗೆ ನೋಡಬೇಕು? ಕಾಣದ ಹಾಗೆ ತಾವೇ ಏರ್ಪಾಡು ಮಾಡಿದ್ದೀರಲ್ಲ. ಹಾಗಿದ್ದಮೇಲೆ ತಾಯಂದಿರು ಎಲ್ಲಿ ವಿಚಾರಿಸಬೇಕು, ಯಾವ ಕಿವಿ ನೋಡಿ ತಿಳಿಯಬೇಕು?

ಆದ್ದರಿಂದ ಕೇಳುತ್ತೇನೆ. ಲಸಿಕೆ ಹಾಕಿರಿ, ಬೇಡವೆನ್ನುವುದಿಲ್ಲ. ಆದರೆ ಕಿವಿ ಚುಚ್ಚುವವನು ಯಾರು, ಎಲ್ಲಿ ಕಲಿತ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗುವ ಮೊದಲು ಯಂತ್ರವನ್ನು ಯಾವುದರಿಂದ ತೊಳೆಯುತ್ತಾನೆ ಎಂಬುದನ್ನು ಅದೇ ಭೋಂಗಾದಲ್ಲಿ ಮೊದಲೇ ಕೂಗಿಸಿರಿ, ನಾವು ಕೇಳಿಕೊಂಡು ನೋಡಿಕೊಂಡು ಬರುವಷ್ಟು ದಿನ ಮೊದಲು. ಮೇಲಂಚಿಗೆ ಆ ಯಂತ್ರ ಮುಟ್ಟಕೂಡದು. ಬಿಲ್ಲೆಯವನನ್ನು ಅವನ ಕುರಿಗಳ ಬಳಿ ಕಳಿಸಿರಿ. ಇಷ್ಟು ಆಗದಿದ್ದರೆ ಆ ಕುರ್ಚಿಯನ್ನು ಎತ್ತಿಡಿರಿ.

ನನ್ನ ಗಂಡ ಹಾಲಸಿದ್ದ ಇದನ್ನು ಬರೆಯಬೇಡವೆಂದರು. “ಸರಕಾರಿ ಮಂದಿ ಕೂಡ ಜಗಳ ತಗದ್ರ ನಾಳೆ ಕರ್ಜಿನ ಕುರಿ ಜಗ್ಗಿಕೊಂಡ ಹೋದ್ರ?” ಎಂದರು. ಆ ಭಯ ನನಗೂ ಇದೆ. ಒಂದೊಂದು ಸಾಲು ಬರೆದಾಗಲೂ ಕೊಟ್ಟಿಗೆ ಕಡೆ ಹೊರಳಿ ನೋಡಿದ್ದೇನೆ. ಬರೆದದ್ದನ್ನು ಗಟ್ಟಿಯಾಗಿ ಓದುವಾಗ ಯಮುನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ಅವ್ವಾ, ಉದಗಾಂವಕ್ಕ ನಾನೂ ಬರ್ತೀನಿ,” ಅಂದಳು.

“ನೀ ಯಾಕವ್ವಾ?”

“ಹಿರಾ ಅತ್ತಿ ನಿನ್ನ ಮಾತ ಕೇಳಂಗಿಲ್ಲ. ಹೆರಳ ಹಾಕು. ಗಟ್ಟ್ಯಾಗಿ ಜಗ್ಗಿ ಹಾಕು.”

ಹಾಗಾಗಿ ತಾವು ಶಿಬಿರ ನಡೆಸುವುದೇ ಆದರೆ, ಮಂಟಪದ ಬಾಗಿಲಲ್ಲಿ ಹೆರಳು ಬಿಗಿದ ಒಬ್ಬ ಹುಡುಗಿ ನಿಂತಿರುತ್ತಾಳೆ. ಒಳಗೆ ಹೋಗುವ ಒಬ್ಬೊಬ್ಬ ತಾಯಿಯೂ ಅವಳ ಬಲಗಿವಿಯನ್ನು ನೋಡಿಯೇ ಹೋಗುತ್ತಾಳೆ.

ಇಂತಿ,
ಕರೆಂಟಿಗೂ ಸ್ಪ್ರಿಂಗಿಗೂ ಹೆದರಿ, ತಮಗೆ ಮಾತ್ರ ಹೆದರದೆ ಹೋದ
ತಾರವ್ವ, ಯಮುನವ್ವನ ತಾಯಿ