ಚಂದ್ರನ ಮೇಲೆ ಗಾಳಿ ಇಲ್ಲ

ಪುರವರ, ಮಧುಗಿರಿ ತಾಲ್ಲೂಕು
೧೨-೨-೨೦೨೫, ಬುಧವಾರ

ಪ್ರೀತಿಯ ತಮ್ಮ ಚೇತನನಿಗೆ ಅಕ್ಕನ ಆಶೀರ್ವಾದಗಳು.

ಹೈದರಾಬಾದಿನಲ್ಲಿ ಹೇಗಿದ್ದೀಯ? ಕಂಪ್ಯೂಟರ್ ಮುಂದೆ ಕೂತು ಕೂತು ಕಣ್ಣು ಉರಿಯುತ್ತದೆ ಅಂತ ದೀಪಾವಳಿಗೆ ಬಂದಾಗ ಹೇಳಿದ್ದೆ, ಡಾಕ್ಟರಿಗೆ ತೋರಿಸಿದೆಯಾ? ರಾತ್ರಿ ಊಟಕ್ಕೆ ಈಗಲೂ ಬರೀ ಬ್ರೆಡ್ಡೇನಾ? ಇಲ್ಲಿ ಅಮ್ಮನ ಆರೋಗ್ಯ ಚೆನ್ನಾಗಿದೆ. ಅಪ್ಪನ ಮಂಡಿನೋವು ಹಾಗೇ ಇದೆ, ಮುಲಾಮು ಹಚ್ಚಿಕೋ ಅಂದರೆ ನನ್ನ ಮೇಲೇ ರೇಗುತ್ತಾನೆ. ನೀನಂತೂ ನನ್ನ ಫೋನ್ ಎತ್ತುತ್ತಿಲ್ಲ, ವಾಟ್ಸಾಪಿನಲ್ಲೂ ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವುದು ನಿನಗಿನ್ನೂ ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದುವ ತಾಳ್ಮೆ ನಿನಗಿಲ್ಲ. ನಾನು ಬರೆದದ್ದನ್ನು ಅಳಿಸುವುದಿಲ್ಲ. ನಿಮ್ಮ ಸಿನಿಮಾ ಬಿಡುಗಡೆಯಾದ ದಿನ ನಮ್ಮ ಬಳಗದವರೆಲ್ಲ ಮಧುಗಿರಿಯಲ್ಲಿ ಒಟ್ಟಿಗೇ ನೋಡಿದೆವು. ಆ ಬಳಗ ಕಟ್ಟಿದವನೇ ನೀನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಬಾಹ್ಯಾಕಾಶದ ಸಿನಿಮಾ ಅಂದರೆ ಊಟ ನಿದ್ದೆ ಬಿಡುವವರನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದವನು ನೀನು. ಎಲ್ಲರೂ ಕಾಯುತ್ತಿದ್ದದ್ದು ನೀನು ಕಂಪ್ಯೂಟರಿನಲ್ಲಿ ಮಾಡಿದ ದೃಶ್ಯಕ್ಕೆ. ಅದೂ ಬಂತು. ನೌಕೆಯ ಮೆಟ್ಟಿಲ ಮೇಲೆ ನಿಂತ ಗಗನಯಾತ್ರಿ ತಟ್ಟೆಯಲ್ಲಿದ್ದ ಚಂದ್ರನ ಮಣ್ಣನ್ನು ಕೆಳಕ್ಕೆ ಸುರಿಯುತ್ತಾನೆ. ದಪ್ಪ ಹರಳು ನೇರ ಬೀಳುತ್ತದೆ, ನವಿರು ಧೂಳು ಮೆಲ್ಲಗೆ ಪಕ್ಕಕ್ಕೆ ತೇಲಿಕೊಂಡು ಹೋಗುತ್ತದೆ. ಜನ ಶಿಳ್ಳೆ ಹೊಡೆದರು. ನಾನು ಮನೆಗೆ ಬಂದು ಬಳಗದ ಗುಂಪಿನಲ್ಲಿ ಬರೆದೆ. ನೆರಳು ಸರಿಯಾಗಿದೆ, ಹೆಲ್ಮೆಟ್ಟಿನ ಗಾಜಿನ ಹೊಳಪು ಬಹಳ ಚೆನ್ನಾಗಿದೆ, ಧೂಳು ಮಾತ್ರ ಪೂರ್ತಿ ತಪ್ಪು. ಗಾಳಿ ಇಲ್ಲದ ಕಡೆ ಧೂಳು ತೇಲುವುದಿಲ್ಲ, ಹರಳಿನ ಜೊತೆಗೇ ನೇರ ಬೀಳಬೇಕು, ಇಷ್ಟನ್ನೂ ನೋಡದೆ ಬಿಟ್ಟದ್ದು ಅಸಡ್ಡೆ. ಅದು ನಿನ್ನ ಕೈಕೆಲಸ ಅಂತ ಗೊತ್ತಿದ್ದೇ ಬರೆದೆ.

ಆಮೇಲೆ ನಡೆದ ಜಗಳವನ್ನು ನೀನೂ ಓದಿರುತ್ತೀಯ. ಶಿರಾದ ಮೊಬೈಲ್ ಅಂಗಡಿ ಅನಿಲ್ ಕುಮಾರ್, ಬಾಹ್ಯಾಕಾಶದಲ್ಲಿ ಸದ್ದು ಕೇಳಿಸುವುದಿಲ್ಲ ಅಂತ ಸ್ಫೋಟಕ್ಕೆ ಸದ್ದು ಹಾಕದಿದ್ದರೆ ಜನ ಸ್ಪೀಕರ್ ಕೆಟ್ಟಿದೆ ಅಂತ ಕುರ್ಚಿ ಮುರಿಯುತ್ತಾರೆ, ಧೂಳಿನದೂ ಅದೇ ಕಥೆ ಅಂದ. ಪಾವಗಡದ ಬಿಂದುಶ್ರೀ ಒಬ್ಬಳೇ ಅರ್ಧ ತೆಲುಗಿನಲ್ಲಿ ನನ್ನ ಪರ ವಾದಿಸಿದಳು. ಮಾರನೇ ದಿನ ನೋಡಿದರೆ ಅವಳೂ ತನ್ನ ಮಾತು ಅಳಿಸಿ ತೆಪ್ಪಗಾಗಿದ್ದಳು. ನೀನು ಹೋದ ಮೇಲೆ ಬಳಗ ನೋಡಿಕೊಳ್ಳುತ್ತಿರುವ ಕೊರಟಗೆರೆಯ ಕುಮಾರಸ್ವಾಮಿ ನನಗೆ ಫೋನೇ ಮಾಡಿದರು. "ನಮ್ ಕನ್ನಡದೋರು ಕಷ್ಟಬಿದ್ದು ಚಂದ್ರನ ತಂಕ ಹೋಗವ್ರೆ, ನಾವೇ ಕಾಲೆಳೆದ್ರೆ ಹೆಂಗೆ ಮೇಡಂ?" ನಾನು ಕೇಳಿದೆ, ಬೇರೆ ಭಾಷೆಯ ಸಿನಿಮಾ ಬಂದಾಗ ನಾವೆಲ್ಲ ವಿಜ್ಞಾನಿಗಳು, ನಮ್ಮದು ಬಂದಾಗ ಭಕ್ತರು, ಇದು ಯಾವ ನ್ಯಾಯ ಸ್ವಾಮಿ? ನಮ್ಮದು ಅನ್ನುವ ಅಭಿಮಾನ ನನಗೂ ಇದೆ. ಇರುವುದಕ್ಕೇ ತಪ್ಪನ್ನು ತಪ್ಪು ಅಂದೆ, ಇಲ್ಲದಿದ್ದರೆ ನನಗೇನು, ಪಾಪ್‌ಕಾರ್ನ್ ತಿಂದು ಎದ್ದು ಬರುತ್ತಿದ್ದೆ.

ಬ್ಲಾಕ್ ಮಾಡುವ ಮುಂಚೆ ನೀನು ಫೋನಿನಲ್ಲಿ ಕೊನೆಗೆ ಹೇಳಿದ ಮಾತು ನನಗೆ ಚುಚ್ಚಿತು, ಸುಳ್ಳೇಕೆ ಹೇಳಲಿ. "ಧೂಳು ತೇಲ್ದೆ ಇದ್ರೆ ಜನಕ್ಕೆ ಅದು ಧೂಳು ಅಂತ್ಲೇ ಅನ್ಸಲ್ಲ. ಸಿನಿಮಾ ನೋಡೋಕೆ ಬರ್ತಾರೆ ಅಕ್ಕ, ನಿನ್ ಪಾಠ ಕೇಳೋಕಲ್ಲ." ಇರಬಹುದು. ಆದರೆ ಹೋದ ವಾರ ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲಿ ಒಬ್ಬಳು, ಚಂದ್ರನ ಮೇಲೆ ಸಣ್ಣಗೆ ಗಾಳಿ ಬೀಸುತ್ತದೆ ಅಂತ ಬರೆದಿದ್ದಾಳೆ. ಯಾರು ಹೇಳಿದ್ದಮ್ಮ ಅಂದರೆ, ಸಿನಿಮಾದಲ್ಲಿ ಕಣ್ಣಾರೆ ನೋಡಿದೆ ಮಿಸ್ ಅಂದಳು. ಆ ಮಗುವಿನ ಉತ್ತರಕ್ಕೆ ತಪ್ಪು ಗುರುತು ಹಾಕಿದೆ. ನನ್ನ ತಮ್ಮ ಮಾಡಿದ ತಪ್ಪಿಗೆ ಅವಳ ಅಂಕ ಕತ್ತರಿಸಿ, ನಿನ್ನ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡಿರಲೇ? ಅಷ್ಟು ಭಂಡತನ ನನಗಿಲ್ಲ.

ಇಷ್ಟಕ್ಕೂ ಈ ಚಾಳಿ ಹಿಡಿಸಿದವನು ಯಾರು? ನೀನು ಪಿಯುಸಿಯಲ್ಲಿದ್ದಾಗ, ಬಾಹ್ಯಾಕಾಶದಲ್ಲಿ ನೌಕೆ ಧಗಧಗ ಉರಿಯುವುದನ್ನು ನೋಡಿ, ತುಂಬಿದ ಚಿತ್ರಮಂದಿರದಲ್ಲಿ ಎದ್ದು ನಿಂತು "ಅಲ್ಲಿ ಬೆಂಕಿಗೆ ಆಮ್ಲಜನಕ ಯಾವೋನ್ ಕೊಟ್ಟ?" ಅಂತ ಕೂಗಿದ್ದೆ. ಹಿಂದಿನವರು ಬೈದು ಕೂರಿಸಿದರು. ನಾನು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ನಿನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಆ ಚೇತನ ನನಗೆ ಬಹಳ ಇಷ್ಟ. ಈಗ ತಪ್ಪು ತೋರಿಸಿದರೆ ಮುಖ ತಿರುಗಿಸುವ ಈ ಚೇತನನ ಪರಿಚಯ ನನಗಿನ್ನೂ ಆಗಿಲ್ಲ.

ಇಪ್ಪತ್ತಮೂರನೇ ತಾರೀಕು ಭಾನುವಾರ ಮಧುಗಿರಿಯಲ್ಲಿ ಬಳಗದವರು ನಿನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಅಕ್ಕ ಅಳಿಸಿ ಕ್ಷಮೆ ಕೇಳುವ ತನಕ ಬರುವುದಿಲ್ಲ ಅಂದಿದ್ದೀಯಂತೆ. ಅಂದಿನಿಂದ ಅಮ್ಮನ ಕಣ್ಣೀರು ನಿಂತಿಲ್ಲ. ನೀನು ಯುಗಾದಿಗೂ ಬರುವುದಿಲ್ಲ, ಇನ್ನು ಈ ಮನೆಗೇ ಕಾಲಿಡುವುದಿಲ್ಲ ಅಂತ ಹೆದರಿಕೊಂಡಿದ್ದಾಳೆ. "ಒಡಹುಟ್ಟಿದೋನ್ನ ಊರ್ ಮುಂದೆ ಆಡ್ಕಂಡ್ಯಲ್ಲೇ, ಒಂದ್ ಗುಂಡಿ ಒತ್ತಿ ಅಳಿಸ್ಬುಡು" ಅಂತ ನನ್ನ ಹಿಂದೆ ಹಿಂದೆಯೇ ಓಡಾಡುತ್ತಾಳೆ. ಅವಳ ಕಣ್ಣೀರು ನನ್ನಿಂದ ನೋಡಲಾಗುವುದಿಲ್ಲ, ಆದರೂ ಒತ್ತಲಾರೆ. ನೀನು ಬರದಿದ್ದರೆ ನನಗೂ ದುಃಖವಾಗುತ್ತದೆ. ಆದರೆ ಸುಳ್ಳು ಕ್ಷಮೆ ಕೇಳಿ ನಿನ್ನನ್ನು ಕರೆಸಿಕೊಂಡರೆ, ಬರುವವನು ನನ್ನ ತಮ್ಮನಲ್ಲ, ಯಾರೋ ಮುಖ್ಯ ಅತಿಥಿ. ಧೈರ್ಯವಿದ್ದರೆ ವೇದಿಕೆಯ ಮೇಲೆ ನನಗೆ ಉತ್ತರ ಕೊಡು. ನಾನು ಮೊದಲ ಸಾಲಿನಲ್ಲೇ ಕೂತಿರುತ್ತೇನೆ. ಶಾಲು ಹೊದಿಸುವಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವಳೂ ನಾನೇ, ಧೂಳಿನ ಮಾತು ಬಂದರೆ ಎದ್ದು ನಿಲ್ಲುವವಳೂ ನಾನೇ.

ಕಣ್ಣಿಗೆ ತಣ್ಣೀರು ಹಾಕಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಅಪ್ಪ ಇಬ್ಬರ ಆಶೀರ್ವಾದವೂ ನಿನ್ನ ಮೇಲಿದೆ.

ಇತಿ, ನಿನ್ನ ಮೇಲಿನ ಪ್ರೀತಿಯನ್ನೂ ಆಡಿದ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳದ
ನಿನ್ನ ಅಕ್ಕ
ಆಶಾರಾಣಿ

ವಿ.ಸೂ.: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ಅಪ್ಪ ತಾನೂ ಸಿನಿಮಾ ನೋಡಲೇಬೇಕೆಂದು ಹಟ ಹಿಡಿದದ್ದಕ್ಕೆ ಕರೆದುಕೊಂಡು ಹೋಗಿದ್ದೆ. ನಿನ್ನ ದೃಶ್ಯ ಬಂದ ಕೂಡಲೇ ನನ್ನ ತೋಳು ಹಿಡಿದುಕೊಂಡ. "ಇದು ನಮ್ ಕಣ ಕಣಮ್ಮ. ನಾನ್ ರಾಗಿ ತೂರ್ತಿರೋದು. ಮೂಡ್ಲ ಗಾಳಿಗೆ ಹೊಟ್ಟು ಇಂಗೇ ಹೋಗೋದು." ಹೋದ ಸುಗ್ಗಿಯಲ್ಲಿ ಅಪ್ಪ ಮೊರ ಎತ್ತಿ ರಾಗಿ ತೂರುವಾಗ ನೀನು ಕಣದಲ್ಲಿ ಬೋರಲು ಮಲಗಿ ಫೋನಿನಲ್ಲಿ ಹಿಡಿಯುತ್ತಿದ್ದದ್ದು ನನಗೆ ಆಗ ಹೊಳೆಯಿತು. ಹೊಟ್ಟಿನ ಜೊತೆಗೆ ನಮ್ಮೂರ ಗಾಳಿಯನ್ನೂ ಹೊತ್ತುಕೊಂಡು ಹೋಗಿ ಅಲ್ಲಿಟ್ಟಿದ್ದೀಯ ಮಾರಾಯ. ಬೆಳಗಿನಿಂದ ಅಪ್ಪ ಮಂಡಿನೋವು ಮರೆತು ಊರೆಲ್ಲ ಸುತ್ತಿ, ನಾನು ತೂರಿದ್ದು ಚಂದ್ರನ ಮೇಲೆ ಹಾರುತ್ತಿದೆ ಅಂತ ಹೇಳಿಕೊಂಡು ಬಂದಿದ್ದಾನೆ. ಭಾನುವಾರಕ್ಕೆ ಬಿಳಿ ಅಂಗಿ ಇಸ್ತ್ರಿ ಮಾಡಿಸಿಡು ಅಂದ. ಆಮೇಲೆ ಬಾಗಿಲಲ್ಲಿ ನಿಂತು, "ಸರ್ಯಾಗೇ ಮಾಡವ್ನೆ ಅಲ್ವೇನಮ್ಮ?" ಅಂತ ಕೇಳಿದ. ನಾಲ್ಕು ತಾಲ್ಲೂಕಿಗೆ ಹೆದರದವಳಿಗೆ ಅಪ್ಪನ ಮುಂದೆ ಬಾಯಿ ಬರಲಿಲ್ಲ ಕಣೋ. ಅಲ್ಲಿ ಗಾಳಿ ಇಲ್ಲ ಅಂತ ಭಾನುವಾರ ನೀನೇ ಬಂದು ಅವನಿಗೆ ಹೇಳು.