ಕಾಲಲ್ಲಿ ಬರೆದ ಅಕ್ಷರ

ಹಿರಿ ಸೊಸೆಗೆ ಅತ್ತೆಯ ಆಶೀರ್ವಾದ. ಪುಸ್ತಕಕ್ಕೆ ಕಾಲು ತಾಗಿದರೆ ಅದನ್ನು ಕಣ್ಣಿಗೊತ್ತಿಕೊಂಡೇ ಏಳಬೇಕೆಂದು ನಮ್ಮ ಮನೆಯಲ್ಲಿ ಕಟ್ಟು ಮಾಡಿದವಳು ನಾನು. ನನ್ನೆದುರು ನಿನ್ನ ಮಾವನವರೂ ಅದನ್ನು ಮೀರಲಿಲ್ಲ.

ಮಗಳ ಮನೆಯ ಮೆಟ್ಟಿಲಲ್ಲಿ ಉಳುಕಿದ ಪಾದದ ಊತ ಇಳಿದಿದೆ. ಪಟ್ಟಿ ಕಟ್ಟಿಕೊಂಡು ನಡೆಯುತ್ತೇನೆ. ಎಣ್ಣೆ ಕಳಿಸಬೇಡ, ಇಲ್ಲಿ ತಿಕ್ಕಲು ಬಿಡುವುದಿಲ್ಲ.

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಮೀಸೆ ಹೊತ್ತ ಗಂಡಸರು ಸಾಲಾಗಿ ಕುಳಿತು, ಕಾಲು ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರಮಾಲೆ ಬರೆಯುತ್ತಾರೆ. ನನಗೂ ಅದನ್ನೇ ಹೇಳಿದರು.

"ಅಕ್ಷರಾನ ಯಾರಾದ್ರೂ ಕಾಲಲ್ಲಿ ಬರೀತಾರೇನೇ? ನಾನು ಬರೆಯಲ್ಲ" ಎಂದೆ.

ವ್ಯಾಯಾಮ ಮಾಡಿಸುವ ಹುಡುಗಿ ನಕ್ಕಳು. "ಬೇಡ ಬಿಡಿ ಅಜ್ಜಿ. ಕೀಲು ಹೀಗೇ ಬಿಗಿದುಕೊಂಡಿರುತ್ತೆ, ಮತ್ತೆ ಮತ್ತೆ ಉಳುಕುತ್ತೆ. ಊರಿಗೆ ಹೋದ್ಮೇಲೆ ಸೊಸೆ ಕೈ ಹಿಡ್ಕೊಂಡು ಓಡಾಡಿ."

ಆ ಮಾತು ನಾಟಿತು. ಮನೆಗೆ ಬಂದು ಬಹಳ ಹೊತ್ತು ಯೋಚಿಸಿದೆ. ನನಗೆ ಅಕ್ಷರ ತಿದ್ದಿಸಿದ ಮೇಷ್ಟರು ಇದ್ದಿದ್ದರೆ, ನಾನು ಕುಂಟುತ್ತ ಕೂರುವುದನ್ನು ಅವರೂ ಒಪ್ಪುತ್ತಿರಲಿಲ್ಲ ಎನ್ನಿಸಿತು.

ಮುಂದಿನದು ನಿನ್ನ ಮಕ್ಕಳಿಗೆ ಇನ್ನೊಬ್ಬರ ಬಾಯಿಂದ ತಿಳಿಯುವುದು ಬೇಡ, ನೀನೇ ಓದಿ ಹೇಳು. ಇವತ್ತು ಬೆಳಿಗ್ಗೆ ಆ ವ್ಯಾಯಾಮದ ಕೋಣೆಯಲ್ಲಿ ಕೈ ಮುಗಿದು ಕಾಲೆತ್ತಿದೆ. ಅಕಾರದಿಂದ ಳಕಾರದವರೆಗೆ ಎಲ್ಲರೆದುರೇ ಬರೆದು ಮುಗಿಸಿದೆ.